ಪಕ್ಕದ ಮನೆಗೆ ಬಂದ ‘ಕೋಳಿ’

ನಾನು ಮದುವೆಯಾಗಿ ಡೊಂಬಿವಲಿಗೆ ಬಂದದ್ದು 1993ರಲ್ಲಿ. ಮರಾಠಿ ಒಂದಕ್ಷರವೂ ಬಾರದು. ಬಿ.ಎ.ಯಲ್ಲಿ ಓದಿದ ಷೇಕ್ಸ್‌ಪಿಯರ್ ತರಕಾರಿಯವನ ಮುಂದೆ ಯಾವ ಉಪಯೋಗಕ್ಕೂ ಬರಲಿಲ್ಲ. ಆ ಮಳೆಗಾಲದ ಒಂದು ರಾತ್ರಿ ಪಕ್ಕದ ಮನೆಯ ಕಾಕೂ “ಕೋಳೀ, ಕೋಳೀ!” ಎಂದು ಕಿರುಚಿಕೊಂಡರು. ಈರುಳ್ಳಿಯನ್ನೂ ಮುಟ್ಟದ ಇವರ ಅಡಿಗೆಮನೆಗೆ ಕೋಳಿ ಹೇಗೆ ಬಂತಪ್ಪಾ ಎಂದು ಓಡಿದೆ. ನೋಡಿದರೆ ಗೋಡೆಯ ಮೇಲೆ ಅಂಗೈ ಅಗಲದ ಜೇಡ! ಮರಾಠಿಯಲ್ಲಿ ಜೇಡಕ್ಕೆ ಕೋಳಿ ಎನ್ನುತ್ತಾರೆಂದು ಇಲ್ಲೇ ಹುಟ್ಟಿ ಬೆಳೆದ ನಿಮಗೆ ಹೇಳಬೇಕಾಗಿಲ್ಲ. ನನಗೆ ಗೊತ್ತಾದದ್ದು ಅಂದು.

ಹೊಸ ಸೊಸೆ, ಅದರಲ್ಲೂ ಮಲೆನಾಡಿನವಳು, ಧೈರ್ಯ ತೋರಿಸಬೇಡವೇ? ಪೊರಕೆ ತೆಗೆದು ಬಾರಿಸಿದೆ. ಕೆಳಗೆ ಬಿದ್ದ ಮೇಲೆ ಕಂಡಿತು, ಅದು ಹೊಟ್ಟೆಯ ಕೆಳಗೆ ನಾಣ್ಯದಂಥ ಚಪ್ಪಟೆ ಬಿಲ್ಲೆಯೊಂದನ್ನು ಹಿಡಿದುಕೊಂಡಿತ್ತು. ಬಿಲ್ಲೆ ಒಡೆದು ಮೊಟ್ಟೆಗಳು ಚೆಲ್ಲಿದ್ದವು. ಕಾಕೂ ಚಹಾ ಕೊಟ್ಟು ಹೊಗಳಿದರು. ನನಗೆ ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಸಾಗರದ ನಮ್ಮ ಮನೆಯ ಬಚ್ಚಲಲ್ಲಿ ಇಂಥದೇ ಜೇಡ ಇರುತ್ತಿತ್ತು. ನಾನು ಹೆದರಿದರೆ ಅಮ್ಮ, “ಅದರ ಪಾಡಿಗೆ ಅದು ಇರತ್ತೆ, ನೀನು ಸ್ನಾನ ಮಾಡ್ಕಂಡು ಬಾ” ಎನ್ನುತ್ತಿದ್ದಳು.

ಆಮೇಲೆ ಪುಸ್ತಕಗಳಲ್ಲಿ ಹುಡುಕಿ ತಿಳಿದುಕೊಂಡೆ. ಇಂಗ್ಲಿಷಿನಲ್ಲಿ ಇದಕ್ಕೆ ಹಂಟ್ಸ್‌ಮನ್, ಅಂದರೆ ಬೇಟೆಗಾರ. ಲಿನಿಯಸ್ 1767ರಲ್ಲಿ ಕೊಟ್ಟ ‘ವೆನಟೋರಿಯಾ’ ಎಂಬ ಹೆಸರಿಗೂ ಅದೇ ಅರ್ಥ. ಇದು ಬಲೆ ಕಟ್ಟಿ ಕಾಯುವ ಜಾತಿಯಲ್ಲ, ರಾತ್ರಿ ಹೊರಟು ಜಿರಲೆಗಳನ್ನು ಹಿಡಿದು ತಿನ್ನುತ್ತದೆ. ಕನ್ನಡದಲ್ಲಿ ಜೇಡ ಎಂದರೆ ನೇಕಾರ ಎಂಬ ಅರ್ಥವೂ ಇದೆ. ವಚನಕಾರ ಜೇಡರ ದಾಸಿಮಯ್ಯನ ಹೆಸರು ಕೇಳಿರುತ್ತೀರಿ. ನಮ್ಮ ಈ ಜೇಡ ಮಾತ್ರ ಮಗ್ಗ ಬಿಟ್ಟ ನೇಕಾರ! ಆದರೂ ಮೊಟ್ಟೆಯ ಬಿಲ್ಲೆಯನ್ನು ತನ್ನ ನೂಲಿನಿಂದಲೇ ಹೆಣೆಯುತ್ತದೆ. ಅದರೊಳಗೆ ನೂರಕ್ಕೂ ಹೆಚ್ಚು ಮೊಟ್ಟೆಗಳಿರಬಹುದು.

ನಿಮ್ಮ ಮನೆಗೆ ಬಂದರೆ ಗುರುತು ಹಿಡಿಯುವುದು ಸುಲಭ. ಮೈ ಕಂದು ಬಣ್ಣ, ಕಾಲು ಚಾಚಿದರೆ 7ರಿಂದ 12 ಸೆಂಟಿಮೀಟರ್. ಕಾಲುಗಳು ಏಡಿಯ ಕಾಲಿನ ಹಾಗೆ ಪಕ್ಕಕ್ಕೆ ಹರಡಿರುತ್ತವೆ. ಕಣ್ಣುಗಳ ಕೆಳಗೆ ಬಿಳಿಚಿದ ಪಟ್ಟಿ, ಮೀಸೆ ಇಟ್ಟಂತೆ. ಮೈ ಚಪ್ಪಟೆಯಾದ್ದರಿಂದ ಕ್ಯಾಲೆಂಡರಿನ ಹಿಂದೆಯೂ ನುಸುಳಿಬಿಡುತ್ತದೆ. ಎಂಟು ಕಾಲಿನ ಒಣ ಸಿಪ್ಪೆ ಸಿಕ್ಕರೆ ಜೇಡ ಸತ್ತಿತೆಂದು ತಿಳಿಯಬೇಡಿ. ಅದು ಪೊರೆ ಕಳಚಿ ಇನ್ನೂ ದೊಡ್ಡದಾಗಿ ಅಲ್ಲೇ ಎಲ್ಲೋ ಇದೆ! (ಇದನ್ನು ಕೇಳಿ ನನ್ನ ಮಗಳು ಆ ಕೋಣೆಯಲ್ಲಿ ಎರಡು ದಿನ ಮಲಗಲಿಲ್ಲ.)

ಕಚ್ಚುವುದೇ ಇಲ್ಲವೇ ಎಂದರೆ, ಕೈಯಲ್ಲಿ ಹಿಡಿದರೆ ಕಚ್ಚೀತು. ಆ ಜಾಗ ನೋಯುತ್ತದೆ, ಊದುತ್ತದೆ, ಪ್ರಾಣಾಪಾಯವೆಂದು ಹೆದರಬೇಕಾಗಿಲ್ಲ. ಸೋಪು ನೀರಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಟ್ಟರೆ ಸಾಕು. ಊತ ಹೆಚ್ಚುತ್ತಾ ಹೋದರೆ ಡಾಕ್ಟರಿಗೆ ತೋರಿಸಿ. ಇನ್ನೊಂದು ಅಪವಾದ ಇದರ ಮೇಲಿದೆ. ಬೆಳಗ್ಗೆ ಕುತ್ತಿಗೆಯ ಮೇಲೆ ಉರಿಯುವ ಗುಳ್ಳೆಗಳೆದ್ದರೆ ರಾತ್ರಿ ಜೇಡ ಹರಿದಿದೆ ಎನ್ನುತ್ತಾರೆ. ನನ್ನ ಮಗಳಿಗೂ ಆಗಿತ್ತು, ನಾನೂ ಜೇಡವನ್ನೇ ಬೈದಿದ್ದೆ. ಮಳೆಗಾಲದಲ್ಲಿ ದೀಪಕ್ಕೆ ಬರುವ ಕೆಂಪು-ಕಪ್ಪು ಸಣ್ಣ ಹುಳುವೊಂದು ಚರ್ಮದ ಮೇಲೆ ಜಜ್ಜಿಹೋದರೆ ಅದರ ರಸದಿಂದ ಹೀಗಾಗುತ್ತದೆಂದು ಡಾಕ್ಟರು ತಿಳಿಸಿಕೊಟ್ಟರು.

ಈಗ ಮಗಳು ಪುಣೆಯಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಳೆ. ಕಳೆದ ಮಳೆಗಾಲದಲ್ಲಿ ರಾತ್ರಿ ಹನ್ನೊಂದಕ್ಕೆ ಫೋನು: “ಅಮ್ಮಾ, ಬಾಗಿಲ ಮೇಲೆ ದೊಡ್ಡದು ಕೂತಿದೆ, ಸ್ಪ್ರೇ ಹೊಡೀಲಾ?” ಬೇಡ, ಶ್ರೀಖಂಡದ ದೊಡ್ಡ ಡಬ್ಬಿ ಮೆಲ್ಲಗೆ ಕವುಚಿ ಹಾಕು, ಕೆಳಗಿನಿಂದ ಮದುವೆ ಕಾಗದದಂಥ ಗಟ್ಟಿ ಕಾರ್ಡು ತೂರಿಸು, ಹೊರಗೆ ಗಿಡದ ಬಳಿ ಬಿಡು ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, “ಅಮ್ಮಾ, ಹೊಟ್ಟೆ ಕೆಳಗೆ ಬಿಳೀ ಬಿಲ್ಲೆ ಇದೆ. ನೀನು ಕಾಕೂ ಮನೇಲಿ ಹೊಡೆದದ್ದು ಇಂಥದೇನಾ?” ಎಂದಳು.

ಹೂಂ ಎಂದೆ.

ಡಬ್ಬಿ ತೆಗೆಯಲಿಲ್ಲವಂತೆ. ದೀಪ ಹಾಕಿಕೊಂಡೇ ಮಲಗಿದಳಂತೆ. ಬೆಳಗ್ಗೆ ಎದ್ದು ನೋಡುವಾಗ ಬಾಗಿಲ ಮೇಲೆ ಏನೂ ಇರಲಿಲ್ಲ.