ಹಳೇ ರೋಗಿಯ ಮಾತು

ಹೊಸ ವೈದ್ಯನಿಗಿಂತ ಹಳೇ ರೋಗಿ ಮೇಲು ಅಂತ ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರಲ್ಲ, ಆ ಗಾದೆಯನ್ನು ನಂಬಿ ನಾನು ಮಾಡಿದ ಒಂದು ತಪ್ಪನ್ನು ಇವತ್ತು ನಿಮ್ಮ ಮುಂದೆ ಹೇಳಿಕೊಳ್ಳಬೇಕು. ಅದಕ್ಕೂ ಮೊದಲು ನನ್ನ ಕೈನೋವಿನ ಕಥೆ ಕೇಳಿ. ನಿಮ್ಮಲ್ಲೂ ಯಾರಿಗಾದರೂ ಇದೇ ನೋವು ಇದ್ದೀತು.

ನಮ್ಮ ಮನೆ ಬೆಂಗಳೂರಿನ ಉತ್ತರಕ್ಕೆ, ಜಾಲಹಳ್ಳಿಯಿಂದಾಚೆ ಅಬ್ಬಿಗೆರೆಯಲ್ಲಿ. ನಮ್ಮವರಿಗೆ ಇಲ್ಲೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ. 2019ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಿದ್ದೆ. ಅರ್ಧ ಹೆಣೆಯುವಷ್ಟರಲ್ಲಿ ಬಲಗೈ ಜೋಮು ಹಿಡಿಯಿತು. ಕಿರುಬೆರಳು, ಉಂಗುರದ ಬೆರಳು ನನ್ನವೇ ಅಲ್ಲವೇನೋ ಅನ್ನಿಸಿತು. ಆಮೇಲೆ ಅದೇ ರೂಢಿಯಾಯಿತು. ಬಟ್ಟೆ ಒಣಹಾಕಲು ಕೈ ಎತ್ತಿದರೆ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದರೆ, ಹೆಗಲಿನಿಂದ ಮುಂಗೈಯ ಒಳಭಾಗದವರೆಗೂ ಸೆಳೆತ. ಒಂದು ದಿನ ಅಟ್ಟದಿಂದ ಇಳಿಸುತ್ತಿದ್ದ ಉಪ್ಪಿನಕಾಯಿ ಜಾಡಿ ಕೈಜಾರಿ ಬಿದ್ದು ಚೂರುಚೂರಾಯಿತು. "ಈಗಿನ ಹೆಂಗಸರಿಗೆ ಶಕ್ತಿ ಎಲ್ಲಿದೆ?" ಅಂದರು ಅತ್ತೆಯವರು. ವರ್ಷದ ಉಪ್ಪಿನಕಾಯಿ ಹೋದದ್ದಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು.

ಸಕ್ಕರೆ ಕಾಯಿಲೆ ಇರಬಹುದೆಂದು ಒಬ್ಬ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಕತ್ತಿನ ಮೂಳೆ ಸವೆದಿದೆಯೆಂದು ಇನ್ನೊಬ್ಬರು ಪಟ್ಟಿ ಹಾಕಿಸಿದರು. ಮಣಿಕಟ್ಟಿನಲ್ಲಿ ನರ ಒತ್ತಿದೆ ಅಂದರು ಮತ್ತೊಬ್ಬರು. ಹೀಗೇ ಒಂದೂವರೆ ವರ್ಷ ಕಳೆಯಿತು. ಕೊನೆಗೆ ವಯಸ್ಸಾದ ಒಬ್ಬ ಡಾಕ್ಟರು, "ಎರಡೂ ಕೈ ಮೇಲೆತ್ತಿ, ಮೊಣಕೈ ಮಡಿಸಿ, ಮೂರು ನಿಮಿಷ ಮುಷ್ಟಿ ಬಿಚ್ಚಿ ಮುಚ್ಚಿ ಮಾಡಮ್ಮ" ಅಂದರು. ಒಂದು ನಿಮಿಷವೂ ಆಗಲಿಲ್ಲ, ಬಲಗೈ ತಾನಾಗಿ ಕೆಳಗೆ ಬಿತ್ತು.

ಅವರು ಹೇಳಿದ ಹೆಸರು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್. ಹೆಸರು ಕೇಳಿಯೇ ನಾನು ಅರ್ಧ ಸತ್ತೆ. ಆದರೆ ವಿಷಯ ಅಷ್ಟು ಕಷ್ಟದ್ದಲ್ಲ. ಕತ್ತಿನಿಂದ ಕೈಗೆ ಹೋಗುವ ನರಗಳೂ ರಕ್ತನಾಳಗಳೂ ಕಾಲರ್ ಎಲುಬಿಗೂ ಎಲ್ಲಕ್ಕಿಂತ ಮೇಲಿನ ಪಕ್ಕೆಲುಬಿಗೂ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ತೂರಿ ಹೋಗಬೇಕು. ಕತ್ತಿನ ಸ್ನಾಯು ಬಿಗಿದುಕೊಂಡರೆ, ಹೆಗಲು ಮುಂದಕ್ಕೆ ಬಾಗಿದರೆ, ಪೆಟ್ಟು ಬಿದ್ದರೆ, ಆ ಸಂದಿ ಇನ್ನೂ ಕಿರಿದಾಗುತ್ತದೆ. ನೂರರಲ್ಲಿ ಒಬ್ಬರಿಗೋ ಇನ್ನೂ ಕಡಿಮೆ ಜನಕ್ಕೋ ಹುಟ್ಟಿನಿಂದಲೇ ಕತ್ತಿನಲ್ಲಿ ಒಂದು ಪಕ್ಕೆಲುಬು ಹೆಚ್ಚಿಗೆ ಇರುತ್ತದಂತೆ, ಅವರಲ್ಲಿ ಬಹಳ ಜನಕ್ಕೆ ಅದರಿಂದ ಏನೂ ತೊಂದರೆ ಇಲ್ಲ. ಲಂಡನ್ನಿನಲ್ಲಿ 1861ರಲ್ಲೇ ಅಂಥ ಎಲುಬನ್ನು ಕೊಯ್ದು ತೆಗೆದಿದ್ದರಂತೆ, ಈ ಉದ್ದನೆಯ ಹೆಸರು ಬಂದದ್ದು ಮಾತ್ರ 1956ರಲ್ಲಿ. ನನ್ನ ಎಕ್ಸ್‌ರೇಯಲ್ಲಿ ಹೆಚ್ಚಿನ ಎಲುಬು ಕಾಣಲಿಲ್ಲ. ನರದ ಪರೀಕ್ಷೆಯೂ ಸರಿಯಾಗಿಯೇ ಬಂತು. "ಈ ಕಾಯಿಲೆಯಲ್ಲಿ ಎಷ್ಟೋ ಸಲ ಹಾಗೇ ಬರುತ್ತೆ, ಅದಕ್ಕೇ ನಿಮ್ಮದು ಬರೀ ಭ್ರಮೆ ಅಂತ ಯಾರಾದರೂ ಅಂದರೆ ನಂಬಬೇಡಿ" ಅಂದರು ಡಾಕ್ಟರು. ಆ ಮಾತಿಗೆ ನನಗೆ ಅಲ್ಲೇ ಕಣ್ಣೀರು ಬಂತು.

ಮುಂದೇನು? ಬೇರೊಂದು ಆಸ್ಪತ್ರೆಯಲ್ಲಿ, "ಪಕ್ಕೆಲುಬು ತೆಗೆದುಬಿಡೋಣ" ಅಂದಿದ್ದರು. ನಮ್ಮವರು ಸಾಲಕ್ಕೂ ಓಡಾಡಿಬಿಟ್ಟಿದ್ದರು. ಹಿರಿಯ ಡಾಕ್ಟರು ತಡೆದರು. ನರ ಒತ್ತುವ ಬಗೆಯೇ ಹೆಚ್ಚು ಜನಕ್ಕೆ ಬರುವುದು, ಅದಕ್ಕೆ ಮೊದಲ ಚಿಕಿತ್ಸೆ ವ್ಯಾಯಾಮ, ಕೆಲವು ತಿಂಗಳು ಬಿಡದೆ ಮಾಡಬೇಕು. ಅದರಿಂದಲೂ ಆಗದಿದ್ದರೆ ಕತ್ತಿನ ಸ್ನಾಯುವಿಗೆ ಇಂಜೆಕ್ಷನ್ ಉಂಟು. ಅದರ ಗುಣ ಸ್ವಲ್ಪ ಕಾಲವಷ್ಟೇ, ಆದರೆ ಆಪರೇಷನ್ನಿಂದ ಉಪಯೋಗವಾದೀತೇ ಎಂಬ ಸುಳಿವು ಸಿಗುತ್ತದೆ. ಆಪರೇಷನ್ ಕೊನೆಗೆ: ನೋವು ಬಾಳಲು ಬಿಡದಿದ್ದರೆ, ಅಥವಾ ಕೈಯ ಸ್ನಾಯು ಕರಗುತ್ತಾ ಬಂದರೆ. ನರಕ್ಕೆ ಪೆಟ್ಟಾಗಬಹುದು, ಶ್ವಾಸಕೋಶದ ಸುತ್ತ ಗಾಳಿ ಸೇರಬಹುದು, ನೋವು ಮತ್ತೆ ಮರಳಲೂಬಹುದು. ಇವೆಲ್ಲ ತಿಳಿದೇ ಒಪ್ಪಬೇಕು.

ವ್ಯಾಯಾಮ ಹೇಳಿಕೊಟ್ಟ ಹುಡುಗಿ ಮೊದಲು ಕಲಿಸಿದ್ದು ಉಸಿರಾಟ. ಹೆಗಲು ಎತ್ತಿ ಉಸಿರಾಡದೆ ಹೊಟ್ಟೆ ಉಬ್ಬುವಂತೆ ಉಸಿರೆಳೆಯುವುದು. ಆಮೇಲೆ ಗದ್ದವನ್ನು ಹಿಂದಕ್ಕೆ ಒತ್ತುವುದು, ಬೆನ್ನಿನ ರೆಕ್ಕೆಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವುದು, ಕತ್ತನ್ನು ಮೆಲ್ಲಗೆ ಪಕ್ಕಕ್ಕೆ ಬಾಗಿಸುವುದು. "ಜೋಮು ಜಾಸ್ತಿಯಾದರೆ ಅಲ್ಲಿಗೇ ನಿಲ್ಲಿಸಿ ಆಂಟಿ" ಅಂತ ಪ್ರತಿ ಸಲವೂ ಹೇಳುತ್ತಿದ್ದಳು.

ಮನೆಯಲ್ಲೂ ಬದಲಾವಣೆ ಮಾಡಿಕೊಂಡೆ. ದಿನಬಳಕೆಯ ಡಬ್ಬಗಳೆಲ್ಲ ಸೊಂಟದ ಮಟ್ಟಕ್ಕೆ ಇಳಿದವು. ಮೇಲಿನ ತಂತಿಯ ಬದಲು ಮಡಿಸುವ ಸ್ಟ್ಯಾಂಡಿನಲ್ಲಿ ಬಟ್ಟೆ. ಮಗಳನ್ನು ನೆಲದಲ್ಲಿ ಕೂರಿಸಿ ನಾನು ಕುರ್ಚಿಯಲ್ಲಿ ಕೂತು ಜಡೆ. ಸಂತೆಯ ಭಾರ ಒಂದೇ ಹೆಗಲಿಗೆ ಹಾಕದೆ ಎರಡು ಚೀಲ, ಎರಡು ಸಲ. ತಲೆಯ ಮೇಲೆ ಕೈಯಿಟ್ಟು ಮಲಗುವ ಅಭ್ಯಾಸವನ್ನೂ ಬಿಟ್ಟೆ. ಎರಡು ತಿಂಗಳು ಏನೂ ಗುಣ ಕಾಣದೆ ಬೇಸರ ಬಂದಿತ್ತು. ನಾಲ್ಕನೇ ತಿಂಗಳಲ್ಲಿ ಒಂದು ದಿನ ಜಡೆ ಪೂರ್ತಿ ಹೆಣೆದು ಮುಗಿಸಿದ ಮೇಲೇ ನೆನಪಾಯಿತು, ಕೈ ಜೋಮು ಹಿಡಿದಿರಲಿಲ್ಲ!

ಅಷ್ಟಾದ ಮೇಲೆ ನಮ್ಮ ಬೀದಿಗೆಲ್ಲ ನಾನೇ ಡಾಕ್ಟರು. ಯಾರಿಗೆ ಕೈ ನೋವು ಬಂದರೂ ನನ್ನ ವ್ಯಾಯಾಮ.

2022ರಲ್ಲಿ ದೊಡ್ಡಬಳ್ಳಾಪುರದಿಂದ ತಂಗಿ ಫೋನ್ ಮಾಡಿದಳು. ಅವಳ ಮಗನಿಗೆ ಇಪ್ಪತ್ತೆರಡು, ದಿನಾ ಜಿಮ್ಮಿಗೆ ಹೋಗಿ ಭಾರ ಎತ್ತುವವನು. ಬಲಗೈ ಊದಿಕೊಂಡು ಭಾರವಾಗಿದೆ ಅಂದಳು. ಫೋಟೋ ಕಳಿಸಿದಳು, ಕೈ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ಯೋಚಿಸಲೂ ಇಲ್ಲ. "ನನ್ನದೇ ಕಾಯಿಲೆ ಕಣೇ. ಎಣ್ಣೆ ಹಚ್ಚಿ ನೀವು, ಬಿಸಿನೀರು ಹಾಕು, ನಾನು ಮಾಡಿದ ವ್ಯಾಯಾಮ ಮಾಡಿಸು" ಅಂದೆ. ಎರಡು ದಿನ ಅವಳು ಹಾಗೇ ಮಾಡಿದಳು. ಮೂರನೇ ದಿನ ಪಕ್ಕದ ಮನೆಯ ನರ್ಸಮ್ಮ ಕೈ ನೋಡಿ, "ಮೊದಲು ಆಸ್ಪತ್ರೆಗೆ ಹೊರಡಿ, ಉಜ್ಜಬೇಡಿ" ಅಂತ ಗದರಿ ಕಳಿಸಿದರಂತೆ.

ಡಾಪ್ಲರ್ ಸ್ಕ್ಯಾನಿನಲ್ಲಿ ಕಾಲರ್ ಎಲುಬಿನ ಕೆಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಕಾಯಿಲೆಯ ಹೆಸರು ನನ್ನದೇ, ಸಂದಿಯೂ ಅದೇ, ಆದರೆ ಒತ್ತಿದ್ದು ನರವನ್ನಲ್ಲ, ರಕ್ತನಾಳವನ್ನು. ಆ ಹೆಪ್ಪು ಒಡೆದು ಶ್ವಾಸಕೋಶಕ್ಕೆ ಹೋಗಿದ್ದರೆ ಪ್ರಾಣಕ್ಕೇ ಅಪಾಯ. ಹೆಪ್ಪು ಕರಗಿಸಿ, ರಕ್ತ ತೆಳುವಾಗಿಸುವ ಔಷಧಿ ಕೊಟ್ಟು, ಆಮೇಲೆ ಆ ಪಕ್ಕೆಲುಬು ತೆಗೆದರು. ನನಗೆ ಬೇಡವೆಂದ ಅದೇ ಆಪರೇಷನ್ ಅವನಿಗೆ ಬೇಕೇ ಬೇಕಾಯಿತು. ಈಗ ಚೆನ್ನಾಗಿದ್ದಾನೆ. ತಂಗಿ ಇವತ್ತಿನವರೆಗೂ ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಆದ್ದರಿಂದ ಗೆಳತಿಯರೇ, ನನ್ನ ಕಥೆಯನ್ನು ಧೈರ್ಯಕ್ಕೆ ಇಟ್ಟುಕೊಳ್ಳಿ, ಔಷಧಿಯ ಚೀಟಿ ಮಾಡಿಕೊಳ್ಳಬೇಡಿ. ಜೋಮು, ಸೆಳೆತ ಮಾತ್ರವಿದ್ದರೆ ತೋರಿಸಿ, ಕೇಳಿ, ತಾಳ್ಮೆಯಿಂದ ವ್ಯಾಯಾಮ ಮಾಡಿ, ಆಪರೇಷನ್ನಿಗೆ ಅವಸರ ಬೇಡ. ಕೈ ಇದ್ದಕ್ಕಿದ್ದಂತೆ ಊದಿದರೆ, ನೀಲಿಯಾದರೆ, ಬಿಳಿಚಿಕೊಂಡು ತಣ್ಣಗಾದರೆ, ಅವತ್ತೇ ಆಸ್ಪತ್ರೆಗೆ ಹೊರಡಿ. ಎಡಗೈ ನೋವಿನ ಜೊತೆ ಎದೆನೋವು, ಬೆವರು ಬಂದರೆ ಹೃದಯದ್ದಿರಬಹುದು, ಒಂದು ಗಳಿಗೆಯೂ ತಡ ಮಾಡಬೇಡಿ.

ಈಗಲೂ ಕೈನೋವು ಅಂತ ನಮ್ಮ ಬೀದಿಯವರು ಬರುತ್ತಾರೆ. ಕಾಫಿ ಕೊಟ್ಟು ಕೂರಿಸಿ, "ಎಲ್ಲಿ, ಮೊದಲು ಎರಡೂ ಕೈ ಒಟ್ಟಿಗೆ ಚಾಚಿ ತೋರಿಸಿ" ಅನ್ನುತ್ತೇನೆ. ಊತವಿದೆಯೇ, ಬಣ್ಣ ಬೇರೆಯಾಗಿದೆಯೇ ನೋಡುತ್ತೇನೆ. ಆಮೇಲೆ ಯಾವ ಡಾಕ್ಟರ ಹತ್ತಿರ ಹೋಗಬೇಕು ಅಂತ ಹೇಳುತ್ತೇನೆ. ಹಳೇ ರೋಗಿಯ ಕೆಲಸ ಅಲ್ಲಿಗೆ ಮುಗಿಯಿತು.