ಕೊಡಲು ಬಂದವನ ಕಲಿಕೆ

ಪರರಿಗೆ ಉಪಕಾರಮಾಡಲು ಹೊರಡುವವನು ಮೊದಲು ಪರರ ಉಪಕಾರವನ್ನು ಸ್ವೀಕರಿಸಲು ಕಲಿಯಬೇಕಾಗುತ್ತದೆ. 1961ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಪೀಸ್ ಕೋರ್ ಎಂಬ ಸೇವಾಸಂಸ್ಥೆಯ ಮೊದಲ ತಂಡವು 1962ರಲ್ಲಿ ಥಾಯ್ಲೆಂಡಿಗೆ ಬಂದಿಳಿಯಿತು. ಅಂದಿನಿಂದ ಅಲ್ಲಿಯ ಊರುಗಳಿಗೆ ಪಾಠ ಹೇಳಲು ಹೋದವರು ತಾವೇ ಮೊದಲು ಶಿಷ್ಯರಾಗಬೇಕಾಯಿತು.

ಹೊಸಬನು ಹೊಸ್ತಿಲಾಚೆ ಪಾದರಕ್ಷೆಗಳನ್ನು ಕಳಚುತ್ತಾನೆ, ಕೈಜೋಡಿಸಿ ತಲೆಬಾಗುತ್ತಾನೆ, ಬುದ್ಧಮೂರ್ತಿಯ ಕಡೆಗೆ ಕಾಲುಚಾಚಬಾರದೆಂದೂ ಪರರ ತಲೆಯನ್ನು ಮುಟ್ಟಬಾರದೆಂದೂ ಅರಿಯುತ್ತಾನೆ. ಇವೆಲ್ಲ ಕೆಲವು ದಿನಗಳಲ್ಲಿ ಅಭ್ಯಾಸವಾಗುವಂಥವು, ಕಠಿಣವಾದುದು ಬೇರೊಂದು. ತರಗತಿಯಲ್ಲಿ "ತಿಳಿಯಿತೇ?" ಎಂದರೆ ಮಕ್ಕಳು ನಗುಮುಖದಿಂದ ತಲೆಯಾಡಿಸುತ್ತಾರೆ, ಮರುದಿನ ಕೇಳಿದರೆ ಎಷ್ಟೋ ಮಂದಿಗೆ ತಿಳಿದೇ ಇರುವುದಿಲ್ಲ. ಅದನ್ನು ಕಪಟವೆನ್ನಲಾಗದು. ಎದುರಿನವರ ಮನಸ್ಸಿಗೆ ಭಾರವಾಗಬಾರದೆಂಬ ಆ ಸಂಕೋಚವನ್ನು ಥಾಯ್ ಜನರು 'ಕ್ರೆಂಗ್ ಜೈ' ಎನ್ನುತ್ತಾರೆ. ಕನ್ನಡದ 'ದಾಕ್ಷಿಣ್ಯ' ಅದಕ್ಕೆ ಸಮೀಪದ ಮಾತು. ಇದನ್ನರಿಯದವನು ಎರಡು ವರ್ಷ ದುಡಿದರೂ ಯಾರಿಗೂ ಬೇಡವಾದುದನ್ನೇ ಕೊಟ್ಟು ಹಿಂದಿರುಗಬಹುದು. ಬೇಡವೆಂದು ಅವನಿಗೆ ಹೇಳುವವರಾರು?

ಅವನ ಕೈಹಿಡಿಯುವುದು ನೆರೆಮನೆಯ ಜಗಲಿ. "ಊಟವಾಯಿತೇ?" ಎಂಬುದು ಅಲ್ಲಿಯೂ ಕುಶಲಪ್ರಶ್ನೆಯೇ. ಆ ಕರೆಗೆ ಓಗೊಟ್ಟು, ಚಾಪೆಯ ಮೇಲೆ ಕುಳಿತು ಉಂಡು, ತೊದಲು ಥಾಯ್ ಮಾತನಾಡಿ ನಗೆಗೀಡಾದವನಿಗೆ ಜನರು ಮೆಲ್ಲಮೆಲ್ಲನೆ ತಮ್ಮ ನಿಜವಾದ ಅಗತ್ಯಗಳನ್ನು ಹೇಳತೊಡಗುತ್ತಾರೆ.

ಶಾಲಾವರ್ಷದ ಆರಂಭದಲ್ಲಿ, ಸಾಮಾನ್ಯವಾಗಿ ಜೂನ್ ತಿಂಗಳ ಒಂದು ಗುರುವಾರ, 'ವೈ ಖ್ರೂ' ಎಂಬ ಗುರುವಂದನೆ ನಡೆಯುತ್ತದೆ. 'ಖ್ರೂ' ಎಂದರೆ ಸಂಸ್ಕೃತದ 'ಗುರು'ವೇ. ಮಕ್ಕಳು ಗರಿಕೆ, ಕೇಪಳ, ಬದನೆಯ ಹೂಗಳನ್ನು ತಂದೊಪ್ಪಿಸುತ್ತಾರೆ. ಕಾಯಿಗಟ್ಟುವ ಮುನ್ನ ಬಾಗುವ ಬದನೆಹೂವು ಅಲ್ಲಿ ಶಿಷ್ಯನ ವಿನಯದ ಗುರುತು. ಅದನ್ನು ಕೈಯಲ್ಲಿ ಹಿಡಿದ ವಿದೇಶೀಯ ಗುರುವಿಗೂ ಅದು ಸಲ್ಲುವ ಪಾಠವಾಗಿದೆ.