ಅರಸರು ಮಲಗಲು ಬರುತ್ತಿದ್ದ ಊರು

ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿ. ಅದಕ್ಕೆ ಆ ಪಟ್ಟ ಬಂದು ಸುಮಾರು ಸಾವಿರದ ಐನೂರು ವರ್ಷವಾಯಿತು. ಅದಕ್ಕೂ ಹಿಂದೆ, ಕ್ರಿಸ್ತ ಹುಟ್ಟುವುದಕ್ಕಿಂತ ಎರಡು ಮೂರು ಶತಮಾನ ಮೊದಲಿನಿಂದ, ಇಲ್ಲಿನ ಕಾರ್ತ್ಲಿ ರಾಜ್ಯವನ್ನು ಆಳಿದ್ದು ಉತ್ತರಕ್ಕೆ ಇಪ್ಪತ್ತು ಕಿಲೋಮೀಟರ್ ದೂರದ ಮ್ತ್ಸ್ಖೇತ. ಟಿಬಿಲಿಸಿಯ ಏಜೆಂಟರು ಮ್ತ್ಸ್ಖೇತ, ಗೋರಿಯ ಸ್ಟಾಲಿನ್ ಮ್ಯೂಸಿಯಂ, ಬಂಡೆಯಲ್ಲಿ ಕೊರೆದ ಉಪ್ಲಿಸ್ತ್ಸಿಖೆ ಮೂರನ್ನೂ ಒಂದೇ ದಿನದಲ್ಲಿ ತೋರಿಸಿ ಕರೆತರುತ್ತಾರೆ. ನನಗೆ ಮ್ತ್ಸ್ಖೇತ ಒಂದೇ ಸಾಕಿತ್ತು. ಹುಡುಕಿ ಹುಡುಕಿ, ಇಡೀ ದಿನವನ್ನು ಆ ಊರಿಗೇ ಕೊಡುವ ಸಣ್ಣದೊಂದು ಗುಂಪಿಗೆ ಸೇರಿಕೊಂಡೆ.

ವ್ಯಾನಿನಲ್ಲಿ ನನ್ನ ಪಕ್ಕ ಕುಳಿತವಳು ದಾವಣಗೆರೆಯ ಹುಡುಗಿ. ಟಿಬಿಲಿಸಿಯಲ್ಲಿ ವೈದ್ಯಕೀಯ ಓದುವ ಸಾವಿರಾರು ಭಾರತೀಯ ಮಕ್ಕಳಲ್ಲಿ ಒಬ್ಬಳು. ಗೈಡ್ ಮಧ್ಯವಯಸ್ಸಿನ ಹೆಂಗಸು, ಇತಿಹಾಸ ಓದಿಕೊಂಡವರು. ಊರು ದಾಟಿದ ಕೂಡಲೇ 1927ರಲ್ಲಿ ಕಟ್ಟಿದ ಜಲವಿದ್ಯುತ್ ಅಣೆಕಟ್ಟು ಬಂತು. ಅದರ ಹಿನ್ನೀರಿನ ಅಡಿಯಲ್ಲಿ ‘ಪಾಂಪೆಯ ಸೇತುವೆ’ ಎಂದು ಕರೆಯುವ ಹಳೆಯ ಸೇತುವೆ ಮುಳುಗಿದೆ ಎಂದರು. ಕ್ರಿ.ಪೂ. 65ರಲ್ಲಿ ರೋಮನ್ ಸೇನಾಪತಿ ಪಾಂಪೆ ದಂಡೆತ್ತಿ ಬಂದಾಗ ಇಲ್ಲಿನ ಅರಸ ಆರ್ತಾಗ್ ನದಿ ದಾಟಿ, ಬೆನ್ನ ಹಿಂದಿನ ಸೇತುವೆಗೆ ಬೆಂಕಿ ಇಟ್ಟು ಹೋದನಂತೆ. ಇದನ್ನೆಲ್ಲ ಅವರು ಹೇಳುತ್ತಿದ್ದ ರೀತಿ, ನಿನ್ನೆ ಮೊನ್ನೆ ನಡೆದದ್ದರ ಹಾಗಿತ್ತು.

ಮೊದಲು ಕರೆದೊಯ್ದದ್ದು ಜ್ವಾರಿ ಗುಡ್ಡಕ್ಕೆ. ಗುಡ್ಡದ ಅಂಚಿನಲ್ಲಿ ನಿಂತರೆ ಕೆಳಗೆ ಮ್ತ್ಕ್ವಾರಿ ಮತ್ತು ಅರಾಗ್ವಿ ನದಿಗಳ ಸಂಗಮ. ಎರಡು ಬಣ್ಣದ ನೀರು, ಸ್ವಲ್ಪ ದೂರ ಬೇರೆ ಬೇರೆಯಾಗಿಯೇ ಹರಿದು ಆಮೇಲೆ ಬೆರೆಯುತ್ತದೆ. ಸಂಗಮದ ಮೂಲೆಯಲ್ಲಿ ಕೆಂಪು ಹೆಂಚಿನ ಮನೆಗಳ ಪುಟ್ಟ ಊರು; ಅದರ ನಡುವೆ, ಆ ಊರಿಗೆ ಹೊಂದದಷ್ಟು ದೊಡ್ಡದಾಗಿ, ಸ್ವೇತಿತ್ಸ್ಖೋವೇಲಿ ಕೆಥೆಡ್ರಲ್. ಒಂದು ರಾಜಧಾನಿಗೆ ಬೇಕಾದ ಎರಡು ನದಿ, ಎರಡು ದಾರಿ, ಸುತ್ತ ಕಾವಲಿಗೆ ಬೆಟ್ಟ, ಎಲ್ಲ ಇಲ್ಲಿವೆ.

ಕಪದೋಕಿಯಾದಿಂದ ನಿನೋ ಎಂಬ ಹೆಣ್ಣುಮಗಳು ನಾಲ್ಕನೇ ಶತಮಾನದ ಮೊದಲ ಭಾಗದಲ್ಲಿ ಇಲ್ಲಿಗೆ ಬಂದಳು. ದ್ರಾಕ್ಷಿಬಳ್ಳಿಯ ಕಡ್ಡಿಗಳನ್ನು ತನ್ನ ಕೂದಲಿನಿಂದಲೇ ಬಿಗಿದ ಶಿಲುಬೆ ಅವಳ ಕೈಯಲ್ಲಿತ್ತು. ಜಾರ್ಜಿಯಾದ ಶಿಲುಬೆಯ ಅಡ್ಡತೋಳು ಜೋತುಬಿದ್ದಂತೆ ಕಾಣುವುದು ಅದಕ್ಕೇ. ರಾಣಿ ನಾನಾಳ ಕಾಯಿಲೆಯನ್ನು ನಿನೋ ವಾಸಿ ಮಾಡಿದಳು. ಬೇಟೆಗೆ ಹೋದ ಅರಸ ಮಿರಿಯನ್‌ನಿಗೆ ಹಾಡಹಗಲಲ್ಲೇ ಕತ್ತಲೆ ಕವಿದು, ನಿನೋಳ ದೇವರನ್ನು ಕರೆದ ಮೇಲೆ ಬೆಳಕು ಮರಳಿತು. ಕಥೆ ಹೀಗಿದೆ. ಕಥೆಯಾಚೆಗೆ ನಿಲ್ಲುವ ಸಂಗತಿ, ರೋಮ್ ಸಾಮ್ರಾಜ್ಯ ಇನ್ನೂ ಹಿಂದೆ ಮುಂದೆ ನೋಡುತ್ತಿದ್ದ ಹೊತ್ತಿಗೇ ಈ ಸಣ್ಣ ರಾಜ್ಯ ಕ್ರೈಸ್ತಮತವನ್ನು ತನ್ನ ಮತವೆಂದು ಒಪ್ಪಿಕೊಂಡಿತ್ತು ಎಂಬುದು. ಮತಾಂತರದ ಗುರುತಾಗಿ ಈ ಗುಡ್ಡದ ಮೇಲೆ ಮರದ ದೊಡ್ಡ ಶಿಲುಬೆ ನಿಲ್ಲಿಸಿದರು. 586ರಿಂದ 605ರ ನಡುವೆ ಅದನ್ನೇ ಒಳಗಿಟ್ಟುಕೊಂಡು ಇಗರ್ಜಿ ಎದ್ದಿತು.

ಒಳಗೆ ಹೋದರೆ ಬೆಂಚಿಲ್ಲ, ಬಣ್ಣವಿಲ್ಲ. ಪ್ರಾರ್ಥನೆಗೆ ಬಂದವರು ನಿಂತೇ ಇರಬೇಕು. ನಟ್ಟನಡುವೆ ಎಂಟು ಮೂಲೆಯ ಕಲ್ಲಿನ ಪೀಠ, ಹಳೆಯ ಶಿಲುಬೆ ನಿಂತಿದ್ದ ಜಾಗ. ನಾಲ್ಕು ದಿಕ್ಕಿಗೆ ನಾಲ್ಕು ಅರೆವೃತ್ತಗಳು, ಮೇಲೆ ಒಂದು ಗುಮ್ಮಟ. ಚೌಕದ ತಳದಿಂದ ದುಂಡು ಗುಮ್ಮಟಕ್ಕೆ ಏರುವುದು ಸುಲಭದ ಲೆಕ್ಕವಲ್ಲ. ಮೂಲೆಗಳಲ್ಲಿ ಸಾಲು ಸಾಲಾಗಿ ಸಣ್ಣ ಕಮಾನು ಕೂರಿಸಿ ಮೆಲ್ಲಮೆಲ್ಲಗೆ ದುಂಡಗೆ ತಂದಿದ್ದಾರೆ. ಆಮೇಲಿನ ಎಷ್ಟೋ ಇಗರ್ಜಿಗಳು ಇದರ ನಕ್ಷೆಯನ್ನೇ ಹಿಡಿದವು. ಹೊರಗೆ ಪೂರ್ವದ ಗೋಡೆಯ ಕೆತ್ತನೆಯಲ್ಲಿ, ಇಗರ್ಜಿ ಕಟ್ಟಿಸಿದ ಸ್ತೆಪಾನೋಜ್ ಮತ್ತವನ ಕಡೆಯವರು ಮಂಡಿಯೂರಿದ್ದಾರೆ. ಹದಿನಾಲ್ಕು ಶತಮಾನದ ಗಾಳಿಮಳೆಗೆ ಅವರ ಮುಖಗಳು ಸವೆದುಹೋಗಿವೆ. ನನಗೆ ಇಡೀ ದಿನದಲ್ಲಿ ಅತ್ಯಂತ ಪರಿಪೂರ್ಣವೆನಿಸಿದ ಕಟ್ಟಡ ಇದೇ. ದೊಡ್ಡದಲ್ಲ, ಆದರೆ ಒಂದು ಕಲ್ಲನ್ನೂ ಹೆಚ್ಚಿಗೆ ಇಡುವಂತಿಲ್ಲ.

ಕೆಳಗಿಳಿದು ಕೆಥೆಡ್ರಲ್ಲಿನ ಬಾಗಿಲಿಗೆ ಬಂದಾಗ ದಾವಣಗೆರೆಯ ಹುಡುಗಿ ಯಾರೂ ಹೇಳುವ ಮೊದಲೇ ದುಪಟ್ಟಾವನ್ನು ತಲೆಗೆ ಹೊದ್ದುಕೊಂಡಳು. ಸುತ್ತಲಿನ ಕೋಟೆಗೋಡೆ 1787ರಲ್ಲಿ ಅರಸ ಎರಡನೇ ಎರೆಕ್ಲೆ ಕಟ್ಟಿಸಿದ್ದು. ಒಳಗಿನ ಕೆಥೆಡ್ರಲ್ 1010ರಿಂದ 1029ರವರೆಗೆ ಎದ್ದದ್ದು. ಅದರ ಪೂರ್ವದ ಗೋಡೆಯಲ್ಲಿ ಎರಡು ಗೂಳಿಯ ತಲೆಗಳಿವೆ. ಅವು ಐದನೇ ಶತಮಾನದಲ್ಲಿ ಇಲ್ಲಿದ್ದ ಇಗರ್ಜಿಯವು. ಹೊಸದನ್ನು ಕಟ್ಟಿದವರು ಹಳೆಯದನ್ನು ಎಸೆಯದೆ ಗೋಡೆಗೆ ಸೇರಿಸಿಕೊಂಡಿದ್ದಾರೆ.

ಮ್ತ್ಸ್ಖೇತದ ಎಲಿಯೋಜ್ ಎಂಬ ಯಹೂದಿ ಜೆರುಸಲೇಮಿನಿಂದ ಯೇಸುವಿನ ನಿಲುವಂಗಿ ತಂದನೆಂದೂ, ಅದನ್ನು ಮುಟ್ಟಿದ ಕೂಡಲೇ ಅವನ ತಂಗಿ ಸಿಡೋನಿಯಾ ಪ್ರಾಣ ಬಿಟ್ಟಳೆಂದೂ, ಅವಳ ಬಿಗಿಮುಷ್ಟಿಯಿಂದ ಬಿಡಿಸಲಾಗದೆ ಅಂಗಿಯ ಜೊತೆಗೇ ಹೂಳಿದರೆಂದೂ ಇಲ್ಲಿಯವರು ನಂಬುತ್ತಾರೆ. ಸಮಾಧಿಯ ಮೇಲೆ ದೇವದಾರು ಬೆಳೆಯಿತು. ಮೊದಲ ಇಗರ್ಜಿಗೆ ಅದರಿಂದ ಏಳು ಕಂಬ ಕಡಿದರೆ ಏಳನೆಯದು ನೆಲಕ್ಕೆ ಕೂರದೆ ಗಾಳಿಯಲ್ಲೇ ನಿಂತಿತು. ನಿನೋ ರಾತ್ರಿಯಿಡೀ ಪ್ರಾರ್ಥಿಸಿದ ಮೇಲೆ ತಾನಾಗಿ ಇಳಿಯಿತು. ಆ ಜೀವಂತ ಕಂಬದ ಹೆಸರೇ ಕೆಥೆಡ್ರಲ್ಲಿಗೆ. ಈಗ ಆ ಜಾಗದಲ್ಲಿ ಚಿತ್ರ ಬರೆದ ಕಲ್ಲಿನ ಮಂಟಪವಿದೆ. ಗೈಡ್ ಅದರ ಮುಂದೆ ಮಾತು ನಿಲ್ಲಿಸಿ, ಹಣೆ ಮುಟ್ಟಿಸಿ, ಮೂರು ಸಲ ಶಿಲುಬೆ ಗುರುತು ಮಾಡಿಕೊಂಡು, ಮತ್ತೆ ಇಸವಿಗಳನ್ನು ಹೇಳತೊಡಗಿದರು.

ಉತ್ತರದ ಗೋಡೆಯ ಎತ್ತರದಲ್ಲಿ ಉಪಕರಣ ಹಿಡಿದ ಒಂದು ಕೈಯ ಕೆತ್ತನೆ. ಪಕ್ಕದಲ್ಲಿ, ಇದು ದೇವರ ದಾಸ ಅರ್ಸುಕಿದ್ಜೆಯ ಕೈ, ಕ್ಷಮೆಯಿರಲಿ ಎಂಬರ್ಥದ ಬರಹ. ಕಟ್ಟಿದ ಶಿಲ್ಪಿಯ ಕೈಯನ್ನು ಹೊಟ್ಟೆಕಿಚ್ಚಿನಿಂದ ಕತ್ತರಿಸಿದರು ಎಂಬ ಐತಿಹ್ಯವಿದೆ. ಕಾನ್‌ಸ್ಟಂಟೀನ್ ಗಮ್ಸಾಖುರ್ದಿಯಾ 1939ರಲ್ಲಿ ಅದನ್ನೇ ಕಾದಂಬರಿ ಮಾಡಿದರು. ಕೇಳುತ್ತಿದ್ದ ನನಗೂ ಆ ಹುಡುಗಿಗೂ ಒಟ್ಟಿಗೇ ನೆನಪಾದದ್ದು ಜಕಣಾಚಾರಿ. ಕಲ್ಲೊಳಗಿನ ಕಪ್ಪೆಯ ಪಂಥದಲ್ಲಿ ಮಗನಿಗೆ ಸೋತು ತನ್ನ ಬಲಗೈಯನ್ನು ತಾನೇ ಕಡಿದುಕೊಂಡವನ ಕಥೆಯನ್ನು, ಕೈದಾಳದಲ್ಲಿ ಆ ಕೈ ಮರಳಿದ್ದನ್ನು ಗೈಡ್‌ಗೆ ಹೇಳಿದೆವು. ನಮ್ಮ ಶಿಲ್ಪಿಯದು ಮಾತಿಗೆ ಕೊಟ್ಟ ಕೈ, ಅವರದು ಕಿತ್ತುಕೊಂಡ ಕೈ. ಆದರೆ ಅರ್ಸುಕಿದ್ಜೆಯ ವಿಷಯದಲ್ಲಿ ಐತಿಹ್ಯಕ್ಕಿಂತ ಶಾಸನವೇ ನನ್ನನ್ನು ಹೆಚ್ಚು ಕಲಕಿತು. ಪೂರ್ವದ ಗೋಡೆಯ ಬರಹದ ಪ್ರಕಾರ, ಕೆಲಸ ಮುಗಿಯುವುದನ್ನು ನೋಡಲು ಅವನು ಬದುಕಿರಲಿಲ್ಲ. ಯಾವ ಶತ್ರುವೂ ಇಲ್ಲದೆ, ಬರಿಯ ಆಯಸ್ಸು ಸಾಲದೆ ಹೋದವನು.

ಒಳಗಿನ ಗೋಡೆಗಳಲ್ಲಿ ಚಿತ್ರಗಳು ಅಲ್ಲಲ್ಲಿ ತುಂಡು ತುಂಡಾಗಿ ಮಾತ್ರ ಕಾಣುತ್ತವೆ. ತೈಮೂರನ ದಾಳಿಯಲ್ಲಿ ಕೆಥೆಡ್ರಲ್ ಹಾಳಾಗಿ, ಹದಿನೈದನೇ ಶತಮಾನದ ಆರಂಭದಲ್ಲಿ ಅರಸ ಒಂದನೇ ಅಲೆಕ್ಸಾಂಡರ್ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ. ಚಿತ್ರಗಳನ್ನು ಮುಚ್ಚಿದ್ದು ಮಾತ್ರ ಶತ್ರುಗಳಲ್ಲ. 1830ರ ದಶಕದಲ್ಲಿ ರಷ್ಯಾದ ಚಕ್ರವರ್ತಿಯ ಭೇಟಿಗೆ ‘ಚೊಕ್ಕಟವಾಗಿ’ ಕಾಣಲೆಂದು ಅಧಿಕಾರಿಗಳು ಸುಣ್ಣ ಬಳಿಸಿದರು. ದಾಳಿಯಿಂದ ಪಾರಾದದ್ದನ್ನು ಹೀಗೆ ಸುಣ್ಣದಲ್ಲಿ ಕಳೆದುಕೊಂಡದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇಲ್ಲಿ ನೆಲ ನೋಡಿಕೊಂಡೇ ನಡೆಯಬೇಕು, ಕಾಲಡಿಯೆಲ್ಲ ಸಮಾಧಿಕಲ್ಲು. ಟಿಬಿಲಿಸಿಗೆ ರಾಜಧಾನಿ ಒಯ್ಯಲು ಹೊರಟ ವಖ್ತಾಂಗ್ ಗೊರ್ಗಸಾಲಿಯದೆಂದು ಹೇಳುವ ಸಮಾಧಿ ಇಲ್ಲಿದೆ. ಎರೆಕ್ಲೆಯೂ ಇಲ್ಲಿದ್ದಾನೆ. ಅವನ ಮಗ ಹನ್ನೆರಡನೇ ಗಿಯೊರ್ಗಿ 1800ರ ಕೊನೆಗೆ ಸತ್ತು ಇಲ್ಲೇ ಮಣ್ಣಾದ; ಮರುವರ್ಷ ರಷ್ಯಾ ರಾಜ್ಯವನ್ನೇ ನುಂಗಿತು. ಎಷ್ಟೋ ಅರಸರಿಗೆ ಕಿರೀಟ ತೊಡಿಸಿದ್ದೂ ಇಲ್ಲಿಯೇ. ಆಡಳಿತ ಹೋದರೂ ಮ್ತ್ಸ್ಖೇತದ ಕೈಯಿಂದ ರಾಜತನ ಹೋಗಲಿಲ್ಲ. ಆಳಲು ಟಿಬಿಲಿಸಿ, ಅರಸನಾಗಲು ಮತ್ತು ಅರಸನಾಗಿ ಮಲಗಲು ಮ್ತ್ಸ್ಖೇತ.

ಮಧ್ಯಾಹ್ನ ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ಲೋಬಿಯೋ, ಮೆಕ್ಕೆಜೋಳದ ರೊಟ್ಟಿ. ಊಟದ ನಡುವೆ ಗೈಡ್ ನನ್ನನ್ನು ಕೇಳಿದ್ದು ಗೋವಾದ ಬಗ್ಗೆ. ಜಾರ್ಜಿಯಾದ ರಾಣಿ ಕೆತೆವಾನ್ ಮತ ಬಿಡಲೊಪ್ಪದೆ 1624ರಲ್ಲಿ ಶಿರಾಜ್‌ನಲ್ಲಿ ಷಾ ಅಬ್ಬಾಸನ ಆಜ್ಞೆಯಿಂದ ಚಿತ್ರಹಿಂಸೆಗೆ ಬಲಿಯಾದಳು. ಅಗಸ್ಟಿನಿಯನ್ ಪಾದ್ರಿಗಳು ಅವಳ ಅಸ್ಥಿಯ ಭಾಗವನ್ನು ಹಳೆಗೋವಾಕ್ಕೆ ತಂದಿದ್ದರು. ಸಂತ ಅಗಸ್ಟೀನರ ಇಗರ್ಜಿಯ ಅವಶೇಷಗಳಲ್ಲಿ ನಮ್ಮ ಪುರಾತತ್ತ್ವ ಇಲಾಖೆಗೆ ಅದು ಸಿಕ್ಕಿತು, ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯ ಡಿಎನ್‌ಎ ಪರೀಕ್ಷಿಸಿತು, 2021ರಲ್ಲಿ ಭಾರತ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಕಾರವಾರದಿಂದ ಗಡಿ ದಾಟಿ ಎಷ್ಟೋ ಸಲ ನೋಡಿದ್ದ ಆ ಮುರುಕು ಗೋಪುರ ಇವರಿಗೆ ತೀರ್ಥ ಎಂಬುದು ನನಗೆ ಅಂದೇ ಮನದಟ್ಟಾಯಿತು.

ಊಟದ ಬಳಿಕ ಹೋದ ಸಮ್ತಾವ್ರೋ ಕಾನ್ವೆಂಟಿನಲ್ಲಿ ಮಿರಿಯನ್ ಮತ್ತು ನಾನಾರ ಸಮಾಧಿಗಳಿವೆ, ಆದರೆ ಜನ ಸಾಲು ನಿಂತದ್ದು ಫಾದರ್ ಗಾಬ್ರಿಯೇಲರ ಅವಶೇಷದ ಪೆಟ್ಟಿಗೆಯ ಮುಂದೆ. 1965ರ ಮೇ 1ರ ಮೆರವಣಿಗೆಯಲ್ಲಿ ಲೆನಿನ್ನನ ದೊಡ್ಡ ಚಿತ್ರಕ್ಕೆ ಬೆಂಕಿ ಹಚ್ಚಿ ಏಟು ತಿಂದ ಸನ್ಯಾಸಿ. 1995ರಲ್ಲಿ ತೀರಿಕೊಂಡರು, 2012ರಲ್ಲಿ ಸಂತರಾದರು. ಅರಸನನ್ನು ದಾಟಿಕೊಂಡು ಜನ ಅವರ ಬಳಿ ಹೋಗುತ್ತಿದ್ದರು.

ಪಟ್ಟಿಯಲ್ಲಿದ್ದದ್ದು ಮುಗಿಯಿತು. ಹೊತ್ತಿತ್ತು, ನದಿಯಾಚೆಯ ಬಾಗಿನೇತಿಗೆ ಹೋಗೋಣವೇ ಎಂದು ಕೇಳಿದೆ. ಅದನ್ನು ಯಾರೂ ಕೇಳುವುದಿಲ್ಲ ಎಂದು ಗೈಡ್ ಖುಷಿಯಿಂದಲೇ ಒಪ್ಪಿದರು. ನಿನೋ ಬರುವ ಮೊದಲು ಅರಸರ ಕೋಟೆಯೂ ಅರ್ಮಾಜಿ ದೇವರ ವಿಗ್ರಹವೂ ಇದ್ದ ಬೆಟ್ಟ ಅದು. ದೊಡ್ಡ ಚಪ್ಪಡಿಗಳ ತಳ, ಮೇಲೆ ಹಸಿ ಇಟ್ಟಿಗೆ, ಒಂದು ಸ್ನಾನಗೃಹದ ಗುರುತು. ಕ್ರಿ.ಶ. 75ರಲ್ಲಿ ರೋಮ್ ಚಕ್ರವರ್ತಿ ವೆಸ್ಪೇಸಿಯನ್ ಇಲ್ಲಿನ ಅರಸ ಮಿತ್ರಿದಾತ್‌ನಿಗೆ ಗೋಡೆ ಭದ್ರಪಡಿಸಿಕೊಟ್ಟನೆಂಬ ಗ್ರೀಕ್ ಶಾಸನ ಮ್ತ್ಸ್ಖೇತದಲ್ಲೇ ಸಿಕ್ಕಿದೆ. ಇಗರ್ಜಿಗಳಷ್ಟನ್ನೇ ನೋಡಿದವರಿಗೆ ಈ ಊರಿನ ಮೊದಲರ್ಧ ತಪ್ಪುತ್ತದೆ. ಮ್ತ್ಸ್ಖೇತಕ್ಕೆ ಹೋಗುವವರು ದಿನ ಗೊತ್ತುಮಾಡುವಾಗಲೇ ಬಾಗಿನೇತಿಯನ್ನೂ ಕೇಳಿ ಸೇರಿಸಿಕೊಳ್ಳಿ. ಅಲ್ಲಿಂದ ಜ್ವಾರಿ, ಸ್ವೇತಿತ್ಸ್ಖೋವೇಲಿ ಎರಡೂ ಕಾಣುತ್ತವೆ.